ಇಸ್ತ್ರಿಪೆಟ್ಟಿಗೆಯ ಅಂಗಾಲು

ಮಹಾನವಮಿ ಬಂತೆಂದರೆ ನಮ್ಮ ಕಡೆ ಮನೆಯೊಳಗಿನ ಆಯುಧಗಳಿಗೆಲ್ಲ ಮರ್ಯಾದೆ. ಕುಡುಗೋಲು, ಕೊಡಲಿ, ಈಳಿಗೆ, ಹೊಲಿಗೆಯಂತ್ರ, ಸೈಕಲ್ಲು, ಸ್ಕೂಟರು ಎಲ್ಲವೂ ಮೈ ತೊಳೆದುಕೊಂಡು, ಕುಂಕುಮ ಹಚ್ಚಿಸಿಕೊಂಡು, ಒಂದೊಂದು ಚೆಂಡುಹೂ ಮುಡಿದುಕೊಂಡು ಸಾಲಾಗಿ ಕುಳಿತಿರುತ್ತವೆ. ಆ ಸಾಲಿನಲ್ಲಿ ಇಸ್ತ್ರಿಪೆಟ್ಟಿಗೆಗೂ ಒಂದು ಜಾಗ ಉಂಟು. ಆದರೆ ಅದಕ್ಕೆ ಕುಂಕುಮ ಬೀಳುವುದು ಬೆನ್ನಿನ ಮೇಲೆ, ಹಿಡಿಕೆಯ ಹತ್ತಿರ. ಕೆಲಸ ಮಾಡುವುದು ಅದರ ತಳ. ಬೆಂಕಿಯ ಬಿಸಿ ತಿಂದು, ಬಟ್ಟೆಯ ಸುಕ್ಕು ತಿಂದು, ಗಂಜಿ ತಿಂದು ಕಪ್ಪಾಗುವುದೂ ಅದೇ. ಪೂಜೆಯ ದಿನವಾದರೂ ಅದನ್ನು ಎತ್ತಿ ಅಂಗಾಲು ಹೇಗಿದೆಯೆಂದು ನೋಡುವವರು ಕಡಿಮೆ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

‘ಇಸ್ತ್ರಿ’ ಎಂಬ ಮಾತೇ ನಮ್ಮದಲ್ಲ, ಪೋರ್ಚುಗೀಸರ ಕಡೆಯಿಂದ ಬಂದದ್ದು ಎನ್ನುತ್ತಾರೆ ಪಂಡಿತರು. ಮೇಜು, ಸಾಬೂನು, ಚಾವಿ, ಬಟಾಟೆ ಇವೂ ಅದೇ ಹಡಗಿನಲ್ಲಿ ಇಳಿದ ಮಾತುಗಳು. ಮೇಜು ಮೇಜಾಗಿಯೇ ಉಳಿಯಿತು. ಇಸ್ತ್ರಿ ಮಾತ್ರ ನಮ್ಮ ಮಕ್ಕಳ ಬರವಣಿಗೆಯಲ್ಲಿ ಸ್ತ್ರೀಯಾಗಿಬಿಟ್ಟಿತು. ಕನ್ನಡ ಕಲಿಸುವ ನಾನು ಪ್ರತಿ ವರ್ಷವೂ ‘ಇಸ್ತ್ರಿ ಶಿಕ್ಷಣದ ಮಹತ್ವ’ ಎಂಬ ಒಂದಾದರೂ ಪ್ರಬಂಧವನ್ನು ತಿದ್ದಿದ್ದೇನೆ. ಕೆಂಪು ಶಾಯಿಯಲ್ಲಿ ತಿದ್ದುತ್ತಲೇ ‘ಪಾಪ, ಹುಡುಗ ಬರೆದದ್ದರಲ್ಲಿ ಅರ್ಧ ನಿಜ ಇದೆ’ ಎಂದುಕೊಂಡಿದ್ದೇನೆ. ಮನೆಯ ಸುಕ್ಕೆಲ್ಲ ಸರಿಮಾಡುತ್ತ ತಾನು ತಳದಲ್ಲಿ ಕಪ್ಪಾಗುವ ಗುಣ ಇಬ್ಬರಿಗೂ ಒಂದೇ ಅಲ್ಲವೇ!

ನಮ್ಮ ತವರಿನಲ್ಲಿ ಇದ್ದದ್ದು ಇದ್ದಲಿಯ ಇಸ್ತ್ರಿಪೆಟ್ಟಿಗೆ. ಬೀಡುಕಬ್ಬಿಣದ್ದು, ಮಕ್ಕಳಿಂದ ಎತ್ತಲಾಗದಷ್ಟು ಭಾರ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಎರಡೇ ಜೊತೆ ಬಿಳಿ ಬಟ್ಟೆ, ಆದರೆ ಎರಡಕ್ಕೂ ಮಡಿಕೆ ಚೂರಿಯಲ್ಲಿ ಕೊಯ್ದಂತೆ ಇರಬೇಕು. ಅವ್ವ ಜಾಲಿಯ ಇದ್ದಲಿಗೆ ಕೆಂಡ ಕೂಡಿಸಿ, ಬಾಯಿಂದ ಊದಿ, ಬೂದಿ ಹಾರಿಸಿ, ಮೊದಲು ಒಂದು ಹಳೆಯ ಚಾದರದ ಮೇಲೆ ಪೆಟ್ಟಿಗೆಯನ್ನು ಎರಡು ಸಲ ಎಳೆದು ನೋಡುತ್ತಿದ್ದಳು. ತಳ ತೊಡರಿತೆಂದರೆ ಹಿತ್ತಲಿನಿಂದ ಬಾಳೆ ಎಲೆಯ ತುಂಡೊಂದು ಬರುತ್ತಿತ್ತು. ಕಾದ ತಳವನ್ನು ಎಲೆಯ ಮೇಲೆ ಎಳೆದರೆ ಚುಂಯ್ ಎಂಬ ಸದ್ದು, ಹಸಿರು ಬೇಯುವ ವಾಸನೆ. ಆಮೇಲೆ ಹಳೆಯ ಅರಿವೆಯಲ್ಲಿ ಒರೆಸಿದರೆ ಪೆಟ್ಟಿಗೆ ಹರಿಗೋಲಿನಂತೆ ಸರಾಗ. ಬಾಳೆ ಎಲೆಯ ಮೇಲೆ ನೀರು ನಿಲ್ಲದ ಹಾಗೆ ಒಂದು ತೆಳ್ಳನೆಯ ಮೇಣ ಇರುತ್ತದಂತೆ, ಆ ಮೇಣವೇ ತಳಕ್ಕೆ ಹತ್ತಿ ನುಣುಪು ಕೊಡುವುದು. ಅವ್ವನಿಗೆ ಮೇಣದ ಮಾತು ಗೊತ್ತಿರಲಿಲ್ಲ, ಎಲೆಯ ಮಾತು ಗೊತ್ತಿತ್ತು. ಮಳೆಗಾಲದಲ್ಲಿ ತಳಕ್ಕೆ ತುಕ್ಕು ಬಂದರೆ ಇಟ್ಟಂಗಿ ಪುಡಿಯಲ್ಲಿ ತಿಕ್ಕಿ, ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಎತ್ತಿಡುತ್ತಿದ್ದಳು. ಮತ್ತೆ ಬಳಸುವಾಗ ಆ ಎಣ್ಣೆಯನ್ನು ಮರೆಯದೆ ಒರೆಸುತ್ತಿದ್ದಳು.

ವಿದ್ಯುತ್ತಿನ ಇಸ್ತ್ರಿಪೆಟ್ಟಿಗೆ ಹೊಸದೇನಲ್ಲ. ನ್ಯೂಯಾರ್ಕಿನ ಹೆನ್ರಿ ಸೀಲಿ ಎಂಬುವನು ಅದಕ್ಕೆ ಪೇಟೆಂಟ್ ಪಡೆದದ್ದು 1882ರಲ್ಲಿ. ನಮ್ಮಂಥ ಊರುಗಳ ನಡುಮನೆಗೆ ಅದು ಬಂದು ಮುಟ್ಟುವ ಹೊತ್ತಿಗೆ ಸುಮಾರು ನೂರು ವರ್ಷಗಳೇ ಕಳೆದವು. ನನಗೆ ಅದು ಮದುವೆಯ ಉಡುಗೊರೆಯಾಗಿ ಬಂತು. 750 ವಾಟಿನದು, ಮೇಲೆ ಕನ್ನಡಿಯಂತೆ ಹೊಳೆಯುವ ಮುಚ್ಚಳ, ಕರಿಯ ಹಿಡಿಕೆ. ಅತ್ತೆಯವರು ಅದನ್ನು ಎತ್ತಿ ನೋಡಿ, “ಹಗುರ ಐತಿ, ಇದೇನ ಸುಕ್ಕ ತಗಿತೈತಿ?” ಎಂದರು. ಭಾರದಿಂದ ಆಗುವ ಕೆಲಸವನ್ನು ಬಿಸಿಯಿಂದ ಮಾಡಿಸುವ ಕಾಲ ಬಂದಿದೆಯೆಂದು ಅವರಿಗೆ ಯಾರು ಹೇಳಬೇಕು?

ಅದರ ಜೊತೆಗೇ ಬಂದದ್ದು ಅಂಟುವ ಕಾಟ. ಅವ್ವನ ಕಾಲದ ಬಟ್ಟೆಯೆಂದರೆ ಹತ್ತಿ. ಹತ್ತಿ ಸುಟ್ಟರೆ ಕಂದಾಗುತ್ತದೆ, ಮೀರಿದರೆ ತೂತಾಗುತ್ತದೆ, ಆದರೆ ಕರಗಿ ಪೆಟ್ಟಿಗೆಗೆ ಮೆತ್ತಿಕೊಳ್ಳುವುದಿಲ್ಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಟೆರಿಲಿನ್ ಎಂಬ ನೂಲನ್ನು ಕಂಡುಹಿಡಿದರು. ಅದೇ ಪಾಲಿಯೆಸ್ಟರು. ಹತ್ತಿಯ ಜೊತೆ ಸೇರಿ ನಮ್ಮಲ್ಲಿ ಟೆರಿಕಾಟ್ ಆಯಿತು. ಬೇಗ ಒಣಗುತ್ತದೆ, ಸುಕ್ಕು ಕಡಿಮೆ, ಬಾಳಿಕೆ ಹೆಚ್ಚು ಎಂದು ಶಾಲೆಯ ಸಮವಸ್ತ್ರಗಳೆಲ್ಲ ಅದರವೇ ಆದವು. ಆದರೆ ಆ ನೂಲು 250 ಡಿಗ್ರಿ ದಾಟಿತೆಂದರೆ ಮೇಣದಂತೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗಿ ಅಂಟತೊಡಗುತ್ತದೆ.

ಇಸ್ತ್ರಿಪೆಟ್ಟಿಗೆಯ ತಳ ಕಪ್ಪಾಗುವುದಕ್ಕೆ ನಾಲ್ಕೈದು ಕಾರಣಗಳಿವೆ. ಬಹಳ ಹೆಣ್ಣುಮಕ್ಕಳು ಕಾರಣ ನೋಡದೆ ತಿಕ್ಕಲು ಕೂಡುತ್ತಾರೆ. ತೆಳ್ಳಗೆ ಕಂದು ಪದರು ಕಟ್ಟಿದ್ದರೆ ಅದು ಗಂಜಿ. ಸೀರೆಗೆ ಹಾಕಿದ ಗಂಜಿ ಸರಿಯಾಗಿ ಒಣಗದೆ ಇದ್ದಾಗ ಬಿಸಿಗೆ ತಳಕ್ಕೆ ಹತ್ತಿ, ಅನ್ನ ಸೀದ ಹಾಗೆ ಸೀಯುತ್ತದೆ. ಸಾಬೂನು ಪೂರ್ತಿ ಹೋಗದ ಬಟ್ಟೆಯಿಂದಲೂ ಹೀಗೇ ಆಗುತ್ತದೆ. ದಪ್ಪಗೆ, ಗಂಟುಗಂಟಾಗಿ, ಹೊಳೆಯುವ ಕಲೆ ಇದ್ದರೆ ಅದು ಕರಗಿದ ನೈಲಾನೋ ಪಾಲಿಯೆಸ್ಟರೋ, ಮಕ್ಕಳ ಅಂಗಿಯ ಮೇಲಿನ ರಬ್ಬರಿನ ಚಿತ್ರವೋ. ಹಬೆಯ ಪೆಟ್ಟಿಗೆಯ ತೂತುಗಳ ಸುತ್ತ ಬಿಳಿಯ ಹಕ್ಕಳೆ ಇದ್ದರೆ ಅದು ಬೋರಿನ ಗಡಸು ನೀರಿನ ಸುಣ್ಣ. ಅಂಥ ಪೆಟ್ಟಿಗೆಗೆ ಅದರ ಜೊತೆ ಕೊಟ್ಟ ಹಾಳೆಯಲ್ಲಿ ಯಾವ ನೀರು ಹೇಳಿದ್ದಾರೋ ಅದನ್ನೇ ಹಾಕಬೇಕು.

ತಿಕ್ಕುವುದಕ್ಕೂ ಒಂದು ಕ್ರಮ ಬೇಕು. ಎಲ್ಲಕ್ಕಿಂತ ಮೊದಲು ಪ್ಲಗ್ಗನ್ನು ಕಿತ್ತಿಡಿ. ಬರಿ ಗುಂಡಿ ಆರಿಸಿದರೆ ಸಾಲದು. ಗಂಜಿಯ ಕಲೆಗೆ ಅಡುಗೆ ಸೋಡಾವನ್ನು ಎರಡು ಹನಿ ನೀರಿನಲ್ಲಿ ಕಲಸಿ, ಆರಿದ ತಳಕ್ಕೆ ಹಚ್ಚಿ, ಮೆತ್ತನೆಯ ಬಟ್ಟೆಯಿಂದ ತಿಕ್ಕಿ, ಒದ್ದೆ ಅರಿವೆಯಿಂದ ಒರೆಸಿ, ಆಮೇಲೆ ಒಣ ಅರಿವೆಯಿಂದ ಒರೆಸಬೇಕು. ನಿಂಬೆರಸ, ವಿನೆಗರ್ ಕೂಡ ಆಗುತ್ತವೆ. ಕರಗಿದ ಬಟ್ಟೆ ಅಂಟಿದ್ದರೆ ತಣ್ಣಗೆ ತಿಕ್ಕಿ ಪ್ರಯೋಜನವಿಲ್ಲ. ಪೆಟ್ಟಿಗೆಯನ್ನು ಸ್ವಲ್ಪ ಕಾಯಿಸಿ, ಪ್ಲಗ್ ಕಿತ್ತು, ಕಲೆ ಮೆತ್ತಗಾದಾಗ ಕಟ್ಟಿಗೆಯ ಸೌಟಿನ ಅಂಚಿನಿಂದ ಮೆಲ್ಲನೆ ನೂಕಿದರೆ ಕೆನೆಯಂತೆ ಮಡಿಚಿಕೊಂಡು ಬರುತ್ತದೆ. ಚಾಕು, ತಂತಿಯ ತಿಕ್ಕುಗ ಮುಟ್ಟಿಸಲೇಬೇಡಿ. ಅಲ್ಯುಮಿನಿಯಂ ಮೆತ್ತನೆಯ ಲೋಹ. ಒಂದು ಗೀರು ಬಿದ್ದರೆ ಮುಂದೆ ಕೊಳೆ ಕೂಡುವುದು ಆ ಗೀರಿನಲ್ಲೇ. ಕಾಗದದ ಮೇಲೆ ಉಪ್ಪು ಹರವಿ ಬಿಸಿ ಪೆಟ್ಟಿಗೆ ಎಳೆಯುವ ಉಪಾಯ ಬರಿಯ ಲೋಹದ ತಳಕ್ಕೆ ಮಾತ್ರ ಸರಿ. ಅಂಟದ ಲೇಪನವಿರುವ ಟೆಫ್ಲಾನ್ ತಳಕ್ಕೆ ಉಪ್ಪೂ ಬೇಡ, ಸೌಟೂ ಬೇಡ. ಸಾಬೂನು ನೀರಿನಲ್ಲಿ ಹಿಂಡಿದ ಅರಿವೆ ಸಾಕು.

ಜ್ವರದ ಪ್ಯಾರಾಸಿಟಮಾಲ್ ಗುಳಿಗೆಯ ಉಪಾಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳದಿದ್ದರೂ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಕಾದ ತಳಕ್ಕೆ ಇಕ್ಕಳದಲ್ಲಿ ಹಿಡಿದ ಗುಳಿಗೆಯನ್ನು ಒತ್ತಿದರೆ ಸುಮಾರು 170 ಡಿಗ್ರಿಯಲ್ಲಿ ಅದು ಕರಗಿ, ಸೀದ ಕಲೆಯನ್ನು ಸಡಿಲಿಸಿಕೊಂಡು ಹರಿಯುತ್ತದೆ, ಆಗ ಒರೆಸಿಬಿಡುವುದು. ಕೆಲಸ ಆಗುತ್ತದೆ. ಆದರೆ ಕೈ ಸುಡುವ ಭಯ ಇದೆ, ಹೊಗೆಯೂ ಏಳುತ್ತದೆ. ಕಿಟಕಿ ತೆಗೆದಿಟ್ಟು, ಮಕ್ಕಳನ್ನು ದೂರವಿಟ್ಟು ಮಾಡಬೇಕು. ಸೋಡಾದಲ್ಲಿ ಆಗುವುದಕ್ಕೆ ಗುಳಿಗೆ ಯಾಕೆ ಎಂಬುದು ನನ್ನ ಮತ. ನಮ್ಮ ಮನೆಯವರು ಮಾತ್ರ, “ನೂರೆಪ್ಪತ್ತು ಡಿಗ್ರಿ ಜ್ವರ ಬಂದದ್ದಕ್ಕೆ ಗುಳಿಗೆ ಕೊಡದೆ ಇರುವುದು ಹೇಗೆ?” ಎನ್ನುತ್ತಾರೆ.

ಇನ್ನು ಗುಂಡಿಯ ಮಾತು. ಬಟ್ಟೆಯ ಚೀಟಿಯ ಮೇಲೆ, ಪೆಟ್ಟಿಗೆಯ ಗುಂಡಿಯ ಸುತ್ತ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಯೆಂದರೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ನೈಲಾನಿಗೆ ಒಂದು, ರೇಷ್ಮೆಗೆ, ಟೆರಿಕಾಟಿಗೆ ಎರಡಕ್ಕಿಂತ ಮೇಲೆ ಬೇಡ, ಹತ್ತಿಗೆ ಮೂರು. ನಮ್ಮ ಇಳಕಲ್ ಸೀರೆಗೆ ಮಾತ್ರ ಒಂದೇ ಲೆಕ್ಕ ಸಾಲದು. ಒಡಲು ಹತ್ತಿ, ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆ. ಎರಡರ ಎಳೆಗಳನ್ನು ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಡಲಿಗೆ ಹಿಡಿಸುವ ಬಿಸಿ ಸೆರಗಿಗೆ ಹಿಡಿಸದು. ಬಲ್ಲವರು ಮೊದಲು ಸೆರಗನ್ನು ಕಡಿಮೆ ಬಿಸಿಯಲ್ಲಿ ಮುಗಿಸಿ, ಆಮೇಲೆ ಗುಂಡಿ ತಿರುಗಿಸಿ ಒಡಲಿಗೆ ಬರುತ್ತಾರೆ. ಮನೆಯಲ್ಲಿ ಹೊಸ ಸೊಸೆಗೂ ಹಳೆಯ ಅತ್ತೆಗೂ ಒಂದೇ ಬಿಸಿ ತಾಗಿಸಬಾರದು ಎನ್ನುವ ಹಾಗೆ.

ಈ ಚುಕ್ಕೆ, ಗುಂಡಿ ಎಲ್ಲ ಸರಿ. ಆದರೆ ಗುಂಡಿಯೇ ಸುಳ್ಳು ಹೇಳಿದರೆ? ಅದನ್ನು ನಾನು ತಿಳಿದದ್ದು 2004ರಲ್ಲಿ, ಎಂಟನೆಯ ತರಗತಿಯ ಒಬ್ಬ ಹುಡುಗಿಯಿಂದ.

ಆಗ ನಾನಿದ್ದದ್ದು ಹುಡುಗಿಯರ ಒಂದು ಪ್ರೌಢಶಾಲೆಯಲ್ಲಿ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಉಗುರು, ಜಡೆ, ಸಮವಸ್ತ್ರ ನೋಡುವ ಪದ್ಧತಿ. ಈ ಹುಡುಗಿ ಒಂದು ದಿನ ನೀಲಿ ಲಂಗದ ಹಿಂದುಗಡೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಕಲೆ ಹೊತ್ತು ಬಂದಳು. ನಡುವೆ ಎರಡು ಬೆರಳು ಹೋಗುವಷ್ಟು ತೂತು, ಸುತ್ತ ಗಟ್ಟಿಯಾದ ಕರಿ ಅಂಚು. ಕೈಚೀಲವನ್ನು ಹಿಂದೆ ಹಿಡಿದು ಮುಚ್ಚಿಕೊಂಡಿದ್ದಳು. ಸಾಲಿನಲ್ಲಿ ನಿಂತ ಹುಡುಗಿಯರು ಕಿಸಕ್ಕೆಂದರು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಒಂದು ಅಡ್ಡಹೆಸರೂ ಬಂದಿತ್ತು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯಿತು.

ನಮ್ಮಂಥ ಊರಿನಲ್ಲಿ ಪಾಠ ಹೇಳಿದವರಿಗೆ ಗೊತ್ತು: ಎಂಟನೆಯ ತರಗತಿಯ ಹುಡುಗಿ ಒಂದು ವಾರ ಮನೆಯಲ್ಲಿ ಉಳಿದರೆ ಆ ವಾರ ತಿಂಗಳಾಗುತ್ತದೆ, ಆ ತಿಂಗಳು ಲಗ್ನಪತ್ರಿಕೆಯಾಗುತ್ತದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲುಗಟ್ಟಿದ ಗೈರುಹಾಜರಿ ನೋಡಿ ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಓಣಿಗೆ ಹೋದೆ.

ಒಂದೇ ಖೋಲಿಯ ಮನೆ. ತಾಯಿ ಮೂರು ಮನೆಗಳಲ್ಲಿ ಕಸ ಮುಸುರೆ ಮಾಡುವಾಕೆ. ನನ್ನನ್ನು ಕಂಡು ಚಾಪೆ ಹಾಸಿ, ನೀರು ಕೊಟ್ಟು, ಮಾತು ಶುರುಮಾಡಿದಳು. “ಲಕ್ಷ್ಯ ಅನ್ನೂದ ಇಲ್ರಿ ಅಕ್ಕೋರ ಇಕಿಗೆ. ಎಲ್ಲೋ ನೋಡಕೋತ ಇಸ್ತ್ರಿ ಮಾಡ್ಯಾಳ, ಸುಟ್ಟಾಳ. ಇನ್ನೊಂದ ಲಂಗಕ್ಕ ಎಲ್ಲಿಂದ ತರ‍್ಲಿ ರೊಕ್ಕ? ನಾಕ ಹೊಡ್ದೆ. ಸಾಲಿ ಸಾಕು ಅಂದೆ. ನಮ್ಮಣ್ಣನ ಮಗಗ ಕೇಳಾಕ ಹತ್ಯಾರ, ಕೊಟ್ಟ ಬಿಡೋಣ ಅಂತ ಮಾಡೇನ್ರಿ.”

ಹುಡುಗಿ ಮೂಲೆಯಲ್ಲಿ ಗೋಡೆಗೆ ಆತು ನಿಂತಿದ್ದಳು. “ಏನವಾ, ಹೆಂಗಾತು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಎಲ್ಲೂ ನೋಡಿಲ್ರಿ ಟೀಚರ್. ಇಟ್ಟ ಕೂಡ್ಲೆ ಹಿಡಕೊಂತು” ಎಂದಳು. “ಗುಂಡಿ ಎಲ್ಲಿಟ್ಟಿದ್ದಿ?” ಎಂದೆ. “ನೈಲಾನ್ ಅಂತ ಬರದಿತ್ತಲ್ರಿ, ಅಲ್ಲೇ ಇಟ್ಟಿದ್ದೆ. ಅದಕ್ಕಿಂತ ಕೆಳಗ ಇಲ್ಲರಿ.”

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಎಲ್ಲಕ್ಕಿಂತ ಕಡಿಮೆ ಬಿಸಿಗೆ ಗುಂಡಿ ಇಟ್ಟರೆ ಟೆರಿಕಾಟ್ ಕರಗಲಾರದು. ಪೆಟ್ಟಿಗೆ ತರಿಸಿ ಬೋರಲು ಮಾಡಿ ನೋಡಿದೆ. ತಳದ ತುಂಬ ಪದರು ಪದರಾಗಿ ಕರಿ; ಹಳೆಯ ಕರಿಯ ಮೇಲೆ ಹೊಸದಾಗಿ ಹತ್ತಿದ ನೀಲಿ. ಒಂದು ಸಲ ಸುಟ್ಟ ತಳ ಅದಲ್ಲ. ಇವರ ಮನೆಗೆ ಬರುವ ಮೊದಲೇ ಅದು ಎಷ್ಟೋ ಬಟ್ಟೆ ತಿಂದಿತ್ತು. ಸಂತೆಯಲ್ಲಿ ರಿಪೇರಿ ಮಾಡಿದ ಹಳೆಯ ಸಾಮಾನು ಮಾರುವವನ ಹತ್ತಿರ ಅಗ್ಗಕ್ಕೆ ಸಿಕ್ಕಿತೆಂದು ತಾಯಿ ತಂದದ್ದಂತೆ. “ಇದನ್ನ ಸೋಮವಾರ ಸಾಲಿಗೆ ತಗೊಂಡ ಬರ್ರಿ, ನೀವೂ ಬರ್ರಿ. ಲಂಗಾನೂ ತರ್ರಿ. ಮದವಿ ಮಾತು ಆಮ್ಯಾಲ ಆಡೂಣು” ಎಂದು ಹೇಳಿ ಬಂದೆ. ಹದಿನಾಲ್ಕು ವರ್ಷದ ಹುಡುಗಿಯ ಮದುವೆ ಕಾನೂನಿಗೂ ಒಪ್ಪಿಗೆಯಲ್ಲ ಎಂಬುದನ್ನೂ ಹೇಳಿದೆ. ಆದರೆ ಆಗ ಆ ತಾಯಿಗೆ ಕಾನೂನಿಗಿಂತ ಲಂಗದ ಚಿಂತೆ ದೊಡ್ಡದಿತ್ತು.

ನಾನು ಬಿ.ಎ., ಬಿ.ಎಡ್.; ವಿಜ್ಞಾನ ನನ್ನ ಪಾಲಿನದಲ್ಲ. ಸೋಮವಾರ ನಮ್ಮ ವಿಜ್ಞಾನದ ಮಾಸ್ತರರು ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ತಾಯಿ, ಮಗಳು, ನಾನು, ಬಾಗಿಲಲ್ಲಿ ಇಣುಕುವ ಹತ್ತು ಹುಡುಗಿಯರು. ಒಳಗೆ ನೋಡಿ ಅವರು ನಕ್ಕರು. “ನೋಡ್ರಿ ಮೇಡಂ, ಕುದುರಿ ಐತಿ, ಕಡಿವಾಣ ಇಲ್ಲ!”

ಆಮೇಲೆ ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದರು. ಪೆಟ್ಟಿಗೆಯೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಅದಕ್ಕೇ ಪಟ್ಟಿ ಬಾಗುತ್ತದೆ. ಬಾಗಿದಾಗ ಕರೆಂಟು ತಪ್ಪುತ್ತದೆ, ಆರಿದಾಗ ನೆಟ್ಟಗಾಗಿ ಮತ್ತೆ ಕರೆಂಟು ಕೂಡುತ್ತದೆ. ಇಸ್ತ್ರಿ ಮಾಡುವಾಗ ‘ಟಿಕ್’ ಎಂದು ಸದ್ದು ಬರುವುದು, ದೀಪ ಆರುವುದು ಹತ್ತುವುದು ಅದರಿಂದಲೇ. ನಾವು ಗುಂಡಿ ತಿರುಗಿಸುವುದೆಂದರೆ ಆ ಪಟ್ಟಿ ಎಷ್ಟು ಬಿಸಿಗೆ ಕರೆಂಟು ತಪ್ಪಿಸಬೇಕೆಂದು ಹೇಳುವುದು. ಇದೇ ಥರ್ಮೋಸ್ಟಾಟ್. ಈ ಪೆಟ್ಟಿಗೆಯಲ್ಲಿ ಅದು ಕೆಟ್ಟಿತ್ತು. ಹೊಸದು ಹಾಕುವ ಬದಲು ರಿಪೇರಿಯವನು ಅದನ್ನು ದಾಟಿಸಿ ವಾಯರನ್ನು ನೇರವಾಗಿ ಜೋಡಿಸಿದ್ದ. ಗುಂಡಿ ತಿರುಗುತ್ತಿತ್ತು, ಅಷ್ಟೇ. ಅದು ಯಾವುದಕ್ಕೂ ಸಂಬಂಧವಿಲ್ಲದ ಗುಂಡಿ. ಕರೆಂಟು ಇರುವಷ್ಟು ಹೊತ್ತೂ ಪೆಟ್ಟಿಗೆ ಕಾಯುತ್ತಲೇ ಹೋಗುತ್ತಿತ್ತು. ಸಾಲದೆಂದು ಮೂರು ಮುಳ್ಳಿನ ಪ್ಲಗ್ ತೆಗೆದು ಎರಡು ಮುಳ್ಳಿನದು ಹಾಕಿದ್ದ, ಅರ್ಥಿಂಗ್ ತಂತಿಯನ್ನು ಕತ್ತರಿಸಿಬಿಟ್ಟಿದ್ದ. “ಲಂಗ ಸುಟ್ಟಿತು ಅಂತ ಬೇಜಾರ ಮಾಡ್ಕೋಬ್ಯಾಡ್ರಿ ಅಕ್ಕಾರ. ಒದ್ದಿ ಕೈಲೆ ಮುಟ್ಟಿದ್ರ ಹುಡುಗೀನ ಹೋಗಿರ್ತಿದ್ಳು” ಎಂದರು ಮಾಸ್ತರರು.

ತಾಯಿ ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡುತ್ತ ಕುಳಿತಳು. “ಸುಮ್ನ ಬಡದ್ನಲ್ರಿ ಇಕಿನ್ನ” ಎಂದಳು, ನಮಗೆ ಹೇಳಿದಂತೆ ಅಲ್ಲ, ತನಗೆ ತಾನೇ ಹೇಳಿಕೊಂಡಂತೆ. ಹುಡುಗಿ ಏನೂ ಅನ್ನಲಿಲ್ಲ. ಆದರೆ ಅಲ್ಲಿಯವರೆಗೆ ಗೋಡೆಗೆ ಆತು ನಿಂತವಳು ಮುಂದೆ ಬಂದು ಪೆಟ್ಟಿಗೆಯ ಒಳಗೆ ಬಗ್ಗಿ ನೋಡಿದಳು. “ಸರ್, ಆ ಪಟ್ಟಿ ಎಲ್ಲೈತ್ರಿ?” ಎಂದು ಕೇಳಿದಳು.

ಮಾಸ್ತರರು ಹೊಸ ಥರ್ಮೋಸ್ಟಾಟ್, ಹೊಸ ವಾಯರು, ಮೂರು ಮುಳ್ಳಿನ ಪ್ಲಗ್ ಹಾಕಿಕೊಟ್ಟರು. ತಳದ ಕೆಲಸ ನನ್ನದು. ಕಾಯಿಸಿ, ಪ್ಲಗ್ ಕಿತ್ತು, ಕಟ್ಟಿಗೆಯ ಪಟ್ಟಿಯಿಂದ ನೀಲಿ ಪದರನ್ನು ನೂಕಿದೆ. ಆರಿದ ಮೇಲೆ ಸೋಡಾ ಹಚ್ಚಿ ಹುಡುಗಿಯ ಕೈಗೆ ಕೊಟ್ಟೆ. ಮೂರು ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳೂ ಅವಳ ಸುತ್ತ ನೆರೆದವರೂ ಸರದಿಯ ಮೇಲೆ ತಿಕ್ಕಿದರು. ಅಡ್ಡಹೆಸರು ಇಟ್ಟವಳೇ ಹೆಚ್ಚು ತಿಕ್ಕಿದಳು. ಮೂರನೆಯ ದಿನ ತಳ ಬೆಳ್ಳಗಾಯಿತು, ಪೂರ್ತಿ ಅಲ್ಲ, ಕೆಲವು ಗೀರುಗಳು ಉಳಿದವು. ಲಂಗವನ್ನು ಹೊಲಿಗೆಯ ಟೀಚರು ನೋಡಿ, ಸುಟ್ಟ ಭಾಗ ಕತ್ತರಿಸಿ, ಒಳಮಡಿಕೆಯ ಬಟ್ಟೆ ಬಿಚ್ಚಿ ಅಲ್ಲಿಗೆ ಕೂಡಿಸಿ, ಅದರ ಮೇಲೆ ಒಂದು ಅಗಲ ನಿರಿಗೆ ತಂದರು. ಗೊತ್ತಿದ್ದವರಿಗಷ್ಟೇ ಕಾಣುವಂತಿತ್ತು. ಗುರುವಾರದಿಂದ ಹುಡುಗಿ ಪ್ರಾರ್ಥನೆಯ ಸಾಲಿನಲ್ಲಿ ಚೀಲ ಹಿಂದೆ ಹಿಡಿಯದೆ ನಿಂತಳು. ಅಣ್ಣನ ಮಗನ ಮಾತು ಅಲ್ಲಿಗೇ ತಣ್ಣಗಾಯಿತೆಂದಲ್ಲ. ಎರಡು ಸಲ ಮತ್ತೆ ಎದ್ದಿತು, ಎರಡು ಸಲವೂ ತಾಯಿಯೇ “ಓದು ಮುಗೀಲಿ” ಎಂದಳು. ಹುಡುಗಿ ಹತ್ತನೆಯ ತರಗತಿ ಮುಗಿಸಿಕೊಂಡೇ ನಮ್ಮ ಶಾಲೆ ಬಿಟ್ಟಳು.

ಈ ಮಾತನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಬಟ್ಟೆ ಸುಟ್ಟಿತೆಂದರೆ ನಾವು ಮೊದಲು ನೋಡುವುದು ಹೆಣ್ಣುಮಗಳ ಕೈಯನ್ನು. ಸೊಸೆ ಸುಟ್ಟಳು, ಮಗಳು ಸುಟ್ಟಳು, ಕೆಲಸದಾಕೆ ಸುಟ್ಟಳು. ಪೆಟ್ಟಿಗೆಯನ್ನು ಬೋರಲು ಮಾಡಿ ನೋಡುವವರಿಲ್ಲ. ಕಲೆಯನ್ನು ತಿಕ್ಕಿ ತೆಗೆಯುವುದು ಸುಲಭ. ತೆಗೆದ ಎಂಟೇ ದಿನಕ್ಕೆ ಮತ್ತೆ ಬಂದರೆ ಅದು ಕೊಳೆಯಲ್ಲ, ರೋಗದ ಗುರುತು. ಆಗ ಸೋಡಾ ಹುಡುಕುವುದು ಬಿಟ್ಟು ಬಲ್ಲವರಿಗೆ ತೋರಿಸಬೇಕು. ಕಡಿಮೆಗೆ ಇಟ್ಟರೂ ದೀಪ ಆರದಿದ್ದರೆ, ‘ಟಿಕ್’ ಎಂಬ ಸದ್ದು ಬಾರದಿದ್ದರೆ ಬಳಸಲೇಬೇಡಿ. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ, ಪ್ಲಗ್ಗಿನ ಮುಳ್ಳು ಎಣಿಸಿ. ರಿಪೇರಿಗೆ ಕೊಟ್ಟರೆ “ಡೈರೆಕ್ಟ್ ಮಾಡಬ್ಯಾಡಪ್ಪಾ” ಎಂದು ಬಾಯಿಬಿಟ್ಟು ಹೇಳಿ.

ಆ ತಾಯಿ ಹೇಳಿದ್ದಳು. ಹುಡುಗಿ ಮರಳಿ ಬಂದ ಹದಿನೈದು ದಿನಕ್ಕೆ ಶಾಲೆಯ ಬಾಗಿಲಿಗೆ ಬಂದು, “ಅಕ್ಕೋರ, ನಮ್ಮ ಓಣ್ಯಾಗ ಇನ್ನೂ ನಾಕ ಪೆಟ್ಟಿಗಿ ಅದಾವ್ರಿ, ಅದ ಸಂತಿಯಾಗ ತಂದದ್ದು. ತರ‍್ಲೇನು?” ಎಂದು ಕೇಳಿದಳು. ತಂದಳು. ಮಾಸ್ತರರು ನಾಲ್ಕನ್ನೂ ಬಿಚ್ಚಿದರು. ಎರಡಕ್ಕೆ ಕಡಿವಾಣ ಇರಲಿಲ್ಲ.